ಸ್ಟಡ್ ಬೇಡ ಎಂದ ಭಾವ

ಭಾವನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಅವರ ವರ್ಕ್‌ಶಾಪಿನ, ಲೋಹ ಕಡೆಯುವ ಲೇಥ್ ಮಿಷನ್ನು ಯಾವಾಗಲೋ ಕಿತ್ತುಕೊಂಡಿದ್ದ ಆ ಜಾಗ ನುಣ್ಣಗೆ, ಕೆಂಪಗೆ ಹೊಳೆಯುತ್ತಿತ್ತು. ಎಂಜಿನ್ನಿನ ಯಾವ ಭಾಗ ಕೊಟ್ಟರೂ ಮೊದಲು ಅದೇ ಬೆರಳಿನಿಂದ ಸವರಿ, "ನೋಡಾಣ" ಎನ್ನುತ್ತಿದ್ದರು. ನೋಡಾಣ ಎಂದರೆ ಎರಡು ತಿಂಗಳು ಎಂದು ಸಾಗರದ ಜೀಪಿನವರಿಗೆಲ್ಲ ಗೊತ್ತಿತ್ತು. ಅಕ್ಕನ ಗಂಡನೆಂಬ ಸಲಿಗೆಯಿಂದ ಕೆಲಸ ಬೇಗ ಆದೀತು ಎಂದು ನಂಬಿದವಳು ನಾನೊಬ್ಬಳೇ.

ತೀರ್ಥಹಳ್ಳಿ ಕಡೆ ಕೊಯ್ಲಾದ ಗದ್ದೆಯಲ್ಲಿ ನಡೆಯುವ ಜೀಪ್ ರೇಸಿನಲ್ಲಿ ಒಮ್ಮೆಯಾದರೂ ಓಡಿಸಬೇಕೆಂಬುದು ನನ್ನ ಆಸೆ. ಹಳೆಯ ಪೆಟ್ರೋಲ್ ಜೀಪಿಗೆ, ವೇಗ ಹೆಚ್ಚಲೆಂದು, ವಾಲ್ವುಗಳನ್ನು ಇನ್ನಷ್ಟು ತೆರೆಯಿಸುವ ಹೊಸ ಕ್ಯಾಮ್, ಬಿರುಸಾದ ವಾಲ್ವ್ ಸ್ಪ್ರಿಂಗು ತರಿಸಿದ್ದೆ. ಉಳಿದದ್ದು ವಾಲ್ವುಗಳನ್ನು ಒತ್ತುವ ರಾಕರ್ ಎಂಬ ಪುಟ್ಟ ತೋಳುಗಳನ್ನು ಎಂಜಿನ್ನಿನ ತಲೆಭಾಗವಾದ ಹೆಡ್ಡಿನ ಮೇಲೆ ಕೂರಿಸುವುದು. ಒಂದೊಂದು ತೋಳಿಗೂ ಸ್ಟಡ್ ಎಂಬ ಒಂದೊಂದು ಉಕ್ಕಿನ ಗೂಟ ನೆಟ್ಟರೆ ಒಂದು ದಿನದ ಕೆಲಸ. ದಪ್ಪನೆಯ ಸ್ಟಡ್‌ಗಳನ್ನೂ ನಾನೇ ತಂದುಕೊಟ್ಟಿದ್ದೆ. ಭಾವನಿಗೆ ಮಾತ್ರ ಎಲ್ಲ ತೋಳುಗಳನ್ನೂ ಶಾಫ್ಟ್ ಎಂಬ ಒಂದೇ ಅಡ್ಡ ಸರಳಿಗೆ ಪೋಣಿಸಬೇಕೆಂಬ ಹಟ.

"ಒಂಟಿ ಕಂಬ ಅಲ್ಲಾಡ್ತದೆ ಮಾರಾಯ್ತಿ. ಮೇಲೊಂದು ತೊಲೆ ಬಿದ್ರೆ ನಿಲ್ತದೆ."

"ನಾನೇನು ದಿನಾ ಓಡಿಸ್ತೀನಾ ಭಾವ? ನಾಕು ಸುತ್ತು ಅಷ್ಟೇ."

"ಬಗ್ಗಾಕೆ ಒಂದು ಸುತ್ತು ಸಾಕು."

ಶಾಫ್ಟನ್ನು ಹೊರುವ ಸ್ಟ್ಯಾಂಡುಗಳನ್ನು ತಾವೇ ಕಡೆದರು. ವಾಲ್ವಿನ ತುದಿಗೆ ಮಸಿ ಹಚ್ಚಿ ಎಂಜಿನ್ ತಿರುಗಿಸಿ ನೋಡಿದರು. ತೋಳು ಉಜ್ಜಿದ ಗುರುತು ನಟ್ಟನಡುವೆ ಬೀಳದೆ ಕೂದಲೆಳೆಯಷ್ಟು ಆಚೆ ಬಿದ್ದಿತ್ತು. ಎಲ್ಲವನ್ನೂ ಗುಜರಿಗೆ ಎಸೆದು ಮತ್ತೆ ಮೊದಲಿನಿಂದ ಶುರು ಮಾಡಿದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತಿತ್ತು.

ರೇಸಿನ ವಾರ ಬಂದರೂ ಹೆಡ್ಡು ಬೆಂಚಿನ ಮೇಲೇ ಇತ್ತು. ಭಾವ ಯಾರದೋ ಅಡಿಕೆ ಸುಲಿಯುವ ಮಿಷನ್ನಿನ ಮುಂದೆ ಕೂತಿದ್ದರು. ಸಾಕು, ನನ್ನ ಸ್ಟಡ್‌ಗಳನ್ನೇ ಹಾಕಿಬಿಡಿ ಎಂದೆ.

"ಅದ್ರಲ್ಲಿ ಎರಡು ಇದ್ರೊಳಗೆ ಹೋತು," ಎಂದು ಸುಲಿಯುವ ಮಿಷನ್ ತೋರಿಸಿದರು. ಬೋಲ್ಟ್ ತುಂಡಾಗಿ ಬಂದವನನ್ನು ಸುಲಿತದ ಕಾಲದಲ್ಲಿ ಕಾಯಿಸಬಾರದೆಂದು ನನ್ನ ಸ್ಟಡ್ ಕತ್ತರಿಸಿ ಹಾಕಿದ್ದರು. "ಉಕ್ಕು ಭಾರೀ ಗಟ್ಟಿ ಅದೆ ನೋಡು," ಎಂದು ಮೆಚ್ಚಿಕೊಂಡರು ಬೇರೆ.

"ಗಟ್ಟಿ ಅಂದ್ಮೇಲೆ ನನ್ನ ಹೆಡ್ಡಿಗೆ ಯಾಕಾಗಾದಿಲ್ಲ?"

"ಅಡಿಕೆ ಸುಲಿಯಾಕೆ ಆಗ್ತದೆ. ನಿನ್ನ ಕ್ಯಾಮಿಗೆ ಆಗಾದಿಲ್ಲ."

ಆ ವರ್ಷದ ರೇಸನ್ನು ಗದ್ದೆಯ ಬದುವಿನ ಮೇಲೆ ನಿಂತು ನೋಡಿದೆ. ಭಾವನ ಹತ್ತಿರ ಮಾತು ಬಿಟ್ಟೆ. ಅಕ್ಕನನ್ನು ನೋಡಲು ಹೋದರೂ ಅಡುಗೆಮನೆಯಿಂದಲೇ ವಾಪಸ್ಸು. ಅವರು ಜಗಲಿಯಲ್ಲಿ ಕೂತು, "ಮೂರನೇ ಸಲ ಕಡೀತಿದೀನಿ, ಈ ಸಲ ಗುರುತು ನಡೂಕೇ ಬೀಳ್ತದೆ ಅಂತ ಅವ್ಳಿಗೆ ಹೇಳು," ಎಂದು ಅಕ್ಕನಿಗೆ ಕೂಗಿ ಹೇಳುತ್ತಿದ್ದರು. ನಾನು ಕೇಳಿಸದವಳಂತೆ ಕಾಫಿ ಕುಡಿಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಭಾವ ಲೇಥ್ ಮುಂದೆಯೇ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆ ಮುಟ್ಟಲಿಲ್ಲ. ಮೂರನೆಯ ಸಲದ ಸ್ಟ್ಯಾಂಡುಗಳು ಅರ್ಧಕ್ಕೇ ನಿಂತವು.

ಕಾರ್ಗಲ್ಲಿನ ಮೆಕ್ಯಾನಿಕ್ ಒಬ್ಬ ಹೊಸ ಸ್ಟಡ್ ನೆಟ್ಟು ಒಂದೇ ದಿನದಲ್ಲಿ ಹೆಡ್ಡು ಕೊಟ್ಟ. ಈ ಸಲದ ರೇಸಿನಲ್ಲಿ ಓಡಿಸಿದೆ, ಮಹಿಳೆಯರ ವಿಭಾಗದಲ್ಲಿ ಎರಡನೆಯವಳಾದೆ. ಬಹುಮಾನಕ್ಕೆ ಕರೆಯುವ ಮೊದಲೇ ಬಾನೆಟ್ ಎತ್ತಿ, ರಾಕರಿನ ಮುಚ್ಚಳ ಬಿಚ್ಚಿದೆ. ಸ್ಟಡ್ ಒಂದೂ ಬಗ್ಗಿರಲಿಲ್ಲ. ಭಾವನ ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ವರ್ಷವಿಡೀ ಇಟ್ಟುಕೊಂಡಿದ್ದ ಮಾತು ನಾಲಿಗೆಗೆ ಬಂತು. ಪಕ್ಕದಲ್ಲಿ ಇದ್ದದ್ದು ಅಕ್ಕ.

"ನೋಡು, ಎಲ್ಲಾ ನೆಟ್ಟಗಿದ್ದಾವೆ," ಎಂದೆ.

ಅಕ್ಕ ಬಗ್ಗಿ ನೋಡಿದಳು. "ಅವ್ರು ಇದ್ದಿದ್ರೂ ಒಪ್ತಿರ್ಲಿಲ್ಲ ಬಿಡು," ಎಂದಳು.

ನನಗೆ ಹಳೆಯ ಸಿಟ್ಟೇ ಉಕ್ಕಿ ಬಂತು. ಜಗಳಕ್ಕೆ ಭಾವ ಇರಲಿಲ್ಲ. ಬಿಸಿ ಎಂಜಿನ್ನಿನ ಮೇಲೆ ಬಗ್ಗಿಕೊಂಡು, ಎಲ್ಲರೆದುರೇ ಅತ್ತುಬಿಟ್ಟೆ.