ವಾಸು ಮಾಮನನ್ನು ದಾಟಿದ ಬುಧವಾರ

ಕಳೆದ ವಾರ ನಮ್ಮ ವೇಲಚೇರಿ ಫ್ಲ್ಯಾಟಿನ ಅಡುಗೆಮನೆಯಲ್ಲಿ ಸಿಂಕಿನ ಕೆಳಗಿನ ಪೈಪು ಸೋರತೊಡಗಿತು. ವೇಲಚೇರಿಯವರಿಗೆ ಮನೆಯೊಳಗೆ ನೀರು ಬರುವುದು ಹೊಸ ಸಂಗತಿಯೇನಲ್ಲ. ಆದರೆ ಅದು ಬೀದಿಯ ಕಡೆಯಿಂದ, ಮಳೆಗಾಲದಲ್ಲಿ, ಊರಿಗೆಲ್ಲ ಹೇಳಿಕೊಂಡು ಬರುತ್ತದೆ. ಹೀಗೆ ಕಳ್ಳನಂತೆ ಸಿಂಕಿನ ಅಡಿಯಿಂದ ಬಂದದ್ದು ಅಪಮಾನವೆನಿಸಿ ಪ್ಲಂಬರನ್ನು ಕರೆಸಿದೆ. ಆತ ಜೇಬಿನಿಂದ ಪೊಟ್ಟಣ ತೆಗೆದು, ಬಿಳಿಯದೊಂದು ಕಪ್ಪನೆಯದೊಂದು ತುಂಡು ಮುರಿದು, ಎರಡನ್ನೂ ಸೇರಿಸಿ ಚಪಾತಿ ಹಿಟ್ಟಿನಂತೆ ನಾದತೊಡಗಿದ. ಆ ಅಂಟಿನ ವಾಸನೆ ನಿಮಗೂ ಗೊತ್ತಿರಬೇಕು. ಔಷಧದಂಗಡಿಗೂ ಟೈರಿನಂಗಡಿಗೂ ಮದುವೆಯಾದಂಥ ವಾಸನೆ.

“ಒರು ಮಣಿ ನೇರಂ ತೊಡಾದೀಂಗ ಅಕ್ಕಾ. ಅಪ್ಪರಂ ಕಲ್ಲು ಮಾದಿರಿ ಆಯಿಡುಂ” ಎಂದು ಹೇಳಿ ಹೋದ.

ಒಂದು ಗಂಟೆ ಮುಟ್ಟದಿದ್ದರೆ ಕಲ್ಲಾಗುತ್ತದಂತೆ. ಹದಿನಾರು ವರ್ಷ ಮುಟ್ಟದಿದ್ದರೆ ಏನಾಗುತ್ತದೆಂದು ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಲಿಫ್ಟ್ ಇಳಿದಿತ್ತು. ಆ ವಾಸನೆಯಲ್ಲಿ ಅಡುಗೆಮನೆಯ ನಡುವೆ ವಾಸು ಮಾಮ ಬಂದು ನಿಂತಿದ್ದ.

ನಮ್ಮದು ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿ ನೆಲೆಸಿ, ಗುಮಾಸ್ತಿಕೆ ಮಾಡಿ, ಏಕಾದಶಿ ಮಾಡಿ, ಯಾರ ತಂಟೆಗೂ ಹೋಗದೆ ಪೆನ್ಷನ್ ತೆಗೆದುಕೊಂಡು ತೀರಿಹೋದವರ ವಂಶ. ಅದರಲ್ಲಿ ಪೊಲೀಸ್ ಠಾಣೆಯ ಪುಸ್ತಕದಲ್ಲಿ ಹೆಸರು ಬರೆಸಿದ ಏಕೈಕ ಪುರುಷನೆಂದರೆ ಅಮ್ಮನ ಅಣ್ಣ ವಾಸು ಮಾಮ.

ಮಾಮ ಬಂದರಿನಲ್ಲಿ ಹಡಗಿನಿಂದ ಇಳಿದ ಮೂಟೆಗಳ ಲೆಕ್ಕ ಇಡುವ ಗುಮಾಸ್ತನಾಗಿದ್ದ. ರಾಯಪುರಂನಲ್ಲಿ ಬಾಡಿಗೆ ಮನೆ. ಎರಡು ಬೀದಿ ದಾಟಿದರೆ ಮೀನಿನ ದೋಣಿಗಳು. ಈ ವಾಸನೆಯಲ್ಲಿ ಸಂಧ್ಯಾವಂದನೆ ಹೇಗೆ ಮಾಡ್ತೀಯಪ್ಪ ಎಂದು ಅಮ್ಮ ಕೇಳಿದರೆ, “ಪ್ರಾಣಾಯಾಮಕ್ಕೆ ಹೇಗೂ ಮೂಗು ಹಿಡೀಬೇಕಲ್ಲೇ, ಕೂಡವೇ ಇದೂ ಆಗ್ಹೋಗುತ್ತೆ” ಅನ್ನುತ್ತಿದ್ದ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಾಮ ನಡುಮನೆಯಲ್ಲಿ ಅಡ್ಡಡ್ಡ ಚಾಪೆ ಹಾಸಿ, ಪತ್ರಿಕೆ ಮುಖದ ಮೇಲೆ ಹೊದ್ದು ಮಲಗುತ್ತಿದ್ದ. ಆ ಮನೆಯ ಅಗಲ ಮಾಮನ ಉದ್ದಕ್ಕೆ ಸರಿಯಾಗಿತ್ತು. ಮಾಮನೇನೂ ಉದ್ದವಿರಲಿಲ್ಲ; ಮನೆ ಅಷ್ಟು ಚಿಕ್ಕದು. ರಜಕ್ಕೆ ಹೋದ ನಾನು ಅಡುಗೆಮನೆಯಿಂದ ಜಗಲಿಗೆ ಓಡುವಾಗ ಮಾಮನ ಕಾಲ ಮೇಲೆ ಹಾರಿಬಿಡುತ್ತಿದ್ದೆ. ಮಲಗಿದವರನ್ನು ದಾಟಬಾರದು, ದಾಟಿದರೆ ಅವರು ಬೆಳೆಯುವುದಿಲ್ಲ ಎಂಬ ಶಾಸ್ತ್ರ ನಿಮ್ಮ ಮನೆಯಲ್ಲೂ ಇರಬೇಕು. ಪರಿಹಾರವೂ ಇದೆ: ದಾಟಿದವರೇ ತಿರುಗಿ ದಾಟಬೇಕು.

“ಏಯ್ ಪುಟ್ಟಿ! ವಾಪಸ್ ದಾಟು! ಇಲ್ಲಾಂದ್ರೆ ನಾನು ಇಷ್ಟರಲ್ಲೇ ನಿಂತೋಗ್ತೀನಿ!” ಎಂದು ಪತ್ರಿಕೆಯ ಅಡಿಯಿಂದ ಕೂಗು ಬರುತ್ತಿತ್ತು. ಆಗ ಮಾಮನಿಗೆ ನಲವತ್ತೈದು. ಇನ್ನೂ ಬೆಳೆಯುವ ಭರವಸೆ ಇಟ್ಟುಕೊಂಡಿದ್ದ. ನಾನು ಗಂಭೀರವಾಗಿ ವಾಪಸ್ ದಾಟಿ ಅವನ ಎತ್ತರವನ್ನು ಕಾಪಾಡುತ್ತಿದ್ದೆ.

ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಅತ್ತೆಗೆ ಮೂರು ಸಲ ಬಸಿರು ನಿಂತು ಮೂರು ಸಲವೂ ಹೋಗಿತ್ತು. ಬೀರುವಿನಲ್ಲಿ ಮೂರು ಉಣ್ಣೆಯ ಕುಲಾವಿಗಳಿದ್ದವು. ಮದ್ರಾಸಿನ ಸೆಖೆಗೆ ಉಣ್ಣೆಯ ಕುಲಾವಿ ಯಾವ ತಾಯಿ ಹೆಣೆಯುತ್ತಾಳೆ ಎಂದು ನಾನೊಮ್ಮೆ ನಕ್ಕುಬಿಟ್ಟೆ. ಅತ್ತೆಯೂ ನಕ್ಕಳು. ಮಾಮ ಎದ್ದು ಹೊರಗೆ ಹೋದ.

ಮಾಮ ರಿಟೈರ್ ಆದ ವರ್ಷವೇ ಅತ್ತೆ ತೀರಿಹೋದಳು. ಬೆಳಗಿನ ಹೊತ್ತು ಏನು ಮಾಡುವುದೆಂದು ತೋಚದೆ ಉಳಿದ ಮಾಮನಿಗೆ, ಯಾರದೋ ಮದುವೆಗೆ ಅಣ್ಣಾ ನಗರಕ್ಕೆ ಹೋದಾಗ, ಒಂದು ನರ್ಸಿಂಗ್ ಹೋಮಿನ ಬೋರ್ಡು ಕಣ್ಣಿಗೆ ಬಿತ್ತು. ಗರ್ಭಪಾತಕ್ಕೆ ಸರ್ಕಾರದ ಅನುಮತಿ ಇದೆ ಎಂದು ಅದರಲ್ಲಿ ಬರೆದಿತ್ತು. ಬೇಡಿದವರಿಗೆ ಸಿಗಲಿಲ್ಲ, ಸಿಕ್ಕಿದವರು ಬೇಡವೆನ್ನುತ್ತಾರೆ: ಈ ಅನ್ಯಾಯದ ವಿರುದ್ಧ ಮಾಮ ಯುದ್ಧ ಸಾರಿದ. ಸಂಘಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ, ಬೋರ್ಡು ಹೊರುವವ ಎಲ್ಲ ತಾನೇ. ಮೊದಲು ಮೈದಾ ಗೋಂದು ಕಾಯಿಸಿ ಆ ಬೋರ್ಡಿನ ಮೇಲೆ ಕಾಗದ ಅಂಟಿಸಿದ. ಆಮೇಲೆ ಅಲ್ಲಿನ ಡಾಕ್ಟರಮ್ಮನ ಕಾರಿನ ಗಾಳಿ ಬಿಟ್ಟ. ಆಮೇಲೆ ಒಂದು ಬೆಳಗ್ಗೆ ಆಸ್ಪತ್ರೆಯ ಬೀಗದ ಕಿಂಡಿಗೆ ಈ ಬಿಳಿ-ಕಪ್ಪು ಅಂಟನ್ನು ನಾದಿ ತುಂಬಿದ. ಬೀಗ ಕಲ್ಲಾಯಿತು. ಅವತ್ತು ಹೊರಗೆ ಸಿಕ್ಕಿಬಿದ್ದವಳು ಹೆರಿಗೆಗೆ ಬಂದ ತುಂಬು ಬಸುರಿ. ಗೇಟಿನ ಮುಂದೆ ಆಟೋದಲ್ಲೇ ಗಂಡು ಮಗು. ಮಾಮ ನಾಚಿಕೊಂಡು ಕಲ್ಲುಸಕ್ಕರೆ ಕೊಟ್ಟು ಕಳಿಸಿದನಂತೆ. ಯುದ್ಧ ಮಾತ್ರ ನಿಲ್ಲಿಸಲಿಲ್ಲ.

ಮಾಮನ ಅಪರಾಧಗಳಿಗೊಂದು ಶಿಸ್ತಿತ್ತು. ದಿನವೂ ಹಾಳೆ ಹರಿಯುವ ಕ್ಯಾಲೆಂಡರಿನಲ್ಲಿ ‘ನಲ್ಲ ನೇರಂ’ ಎಂದು ಒಳ್ಳೆಯ ಹೊತ್ತು ಅಚ್ಚಾಗಿರುತ್ತದಲ್ಲ, ಅದನ್ನು ನೋಡದೆ ಆತ ಒಂದು ಟೈರಿನ ಗಾಳಿಯನ್ನೂ ಬಿಟ್ಟವನಲ್ಲ. ರಾಹುಕಾಲದಲ್ಲಂತೂ ಮನೆಯಿಂದ ಕದಲುತ್ತಿರಲಿಲ್ಲ. ಠಾಣೆಯ ಇನ್ಸ್‌ಪೆಕ್ಟರೂ ಅದೇ ಕ್ಯಾಲೆಂಡರಿನ ಭಕ್ತರು. ಹಾಳೆ ನೋಡಿಕೊಂಡು ಮುಂಚೆಯೇ ಬಂದು, ಎದುರಿನ ಟೀ ಅಂಗಡಿಯಲ್ಲಿ ಕೂತು, ಮಾಮನ ಕಾರ್ಯಕ್ರಮ ಪೂರ್ತಿ ಮುಗಿಯಲು ಬಿಟ್ಟು, “ಸಾಮಿ, ನಲ್ಲ ನೇರಂ ಮುಡಿಂಜಿರುಚ್ಚು. ವಾಂಗ, ಪೋಲಾಂ” ಎಂದು, ಒಳ್ಳೆಯ ಹೊತ್ತು ಮುಗಿಯಿತು ಬನ್ನಿ ಹೋಗೋಣವೆಂದು ಕರೆದು, ಜೀಪು ಹತ್ತಿಸುತ್ತಿದ್ದರು. ಅಮ್ಮ ಹೋಗಿ ಬಿಡಿಸಿಕೊಂಡು ಬರುತ್ತಿದ್ದಳು.

ಬೀಗ ಬದಲಾಗಿ ಕಾವಲಿನವನು ಬಂದ ಮೇಲೆ ಮಾಮ ತನ್ನ ಬ್ರಹ್ಮಾಸ್ತ್ರ ಹೂಡಿದ. ಚಪ್ಪಲಿ ಬಿಟ್ಟು, ಗೇಟಿಗೆ ಅಡ್ಡಲಾಗಿ ಮಲಗಿಬಿಡುವುದು. ಯಾರನ್ನೂ ಬೈಯಬೇಕಾಗಿಲ್ಲ. ಸೆರಗು ಮುಚ್ಚಿಕೊಂಡು ಬಂದ ಹೆಂಗಸು ನೋಡುತ್ತಾಳೆ, ನೆಲದ ಮೇಲೆ ತಂದೆಯ ವಯಸ್ಸಿನ ಮುದುಕ. “ತಿರುಂಬಿ ಪೋಮ್ಮಾ ತಾಯೇ” ಎಂದು ಮಲಗಿದಲ್ಲಿಂದಲೇ ಕೈಮುಗಿಯುತ್ತಾನೆ. ತಿರುಗಿ ಹೋಗು ತಾಯಿ, ಎಂದು. ಪೊಲೀಸರು ಎತ್ತಿ ಹಾಕುವ ತನಕ ಎಷ್ಟು ಜನ ಹಾಗೇ ತಿರುಗಿ ಹೋದರೋ, ಹೋಗಿ ಏನು ಮಾಡಿಕೊಂಡರೋ. ಮಾಮ ಅದನ್ನು ಯಾವತ್ತೂ ವಿಚಾರಿಸಲಿಲ್ಲ. ಮನೆಯಲ್ಲಿ ನಗುತ್ತಿದ್ದ ನಾವೂ ವಿಚಾರಿಸಲಿಲ್ಲ.

ನನ್ನ ಸರದಿ ಬಂದದ್ದು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿಗೆ ತಲೆಯ ಬುರುಡೆಯೇ ಕೂಡಿಲ್ಲ ಎಂದರು. ಹುಟ್ಟಿದರೂ ಬದುಕುವುದಿಲ್ಲ. ಎರಡು ದಿನ ನಾನೂ ನನ್ನ ಗಂಡನೂ ಯಾರಿಗೂ ಹೇಳದೆ ಕೂತೆವು. ಅಮ್ಮನಿಗೆ ಹೇಳಿದರೆ ಅವಳ ಅಣ್ಣನಿಗೆ ಹೋಗುತ್ತದೆ. ನಮ್ಮನ್ನು ಕಳಿಸಿದ್ದು ಆ ಅಣ್ಣಾ ನಗರದ ಡಾಕ್ಟರಮ್ಮನ ಹತ್ತಿರಕ್ಕೇ. ಕಾನೂನು ಕೊಟ್ಟ ಗಡುವಿನೊಳಗೆ ಬೇರೆ ಕಡೆ ಹುಡುಕಲು ದಿನಗಳಿರಲಿಲ್ಲ.

ನಾನು ಆ ವಂಶದವಳೇ ತಾನೆ, ಕ್ಯಾಲೆಂಡರ್ ನೋಡಿದೆ. ಬುಧವಾರ ಹನ್ನೆರಡರಿಂದ ಒಂದೂವರೆ ರಾಹುಕಾಲ. ಹನ್ನೆರಡೂಕಾಲಿಗೆ ಸಮಯ ಕೇಳಿಕೊಂಡೆ. ಮಾಮ ಇರುವುದಿಲ್ಲ.

ಒಂದು ವಿಷಯ ಮರೆತಿದ್ದೆ. ರಾಹುಕಾಲದಲ್ಲಿ ಶುರು ಮಾಡಬಾರದು ಅಷ್ಟೆ, ಶುರುವಾದದ್ದನ್ನು ಮುಂದುವರಿಸಬಹುದು. ಮಾಮ ಅವತ್ತು ಹನ್ನೊಂದೂವರೆಗೇ ಬಂದು ಮಲಗಿದ್ದ.

ಗಂಡ ಕಾರು ನಿಲ್ಲಿಸಲು ಹೋಗಿದ್ದರು. ನಾನು ದುಪಟ್ಟಾ ಮುಖಕ್ಕೆ ಸುತ್ತಿಕೊಂಡಿದ್ದೆ. ಗೇಟಿನ ಪಕ್ಕದಲ್ಲಿ ಚಪ್ಪಲಿ, ಅಚ್ಚುಕಟ್ಟಾಗಿ ಜೋಡಿಸಿಟ್ಟದ್ದು. ಮಾಮ ಕಣ್ಣು ಅರ್ಧ ಮುಚ್ಚಿಕೊಂಡು, “ತಿರುಂಬಿ ಪೋಮ್ಮಾ ತಾಯೇ” ಎಂದು ಕೈಮುಗಿದ. ನಲವತ್ತೈದರಲ್ಲಿ ಇದ್ದಷ್ಟೇ ಉದ್ದವಿದ್ದ.

“ದಾರಿ ಬಿಡು ಮಾಮಾ” ಎಂದೆ.

ಕಣ್ಣು ತೆರೆಯಿತು. “ಪುಟ್ಟಿ?”

“ಬಿಡು ಮಾಮಾ. ನನ್ನ ಕೈಲಿ ನಿಲ್ಲೋಕಾಗ್ತಿಲ್ಲ.”

“ಬೇಡ್ವೇ ಪುಟ್ಟಿ. ನನಗೆ ಕೊಟ್ಬಿಡು. ನಾನು ಸಾಕ್ಕೋತೀನಿ.”

ಬದುಕುವುದಿಲ್ಲ ಮಾಮಾ ಎಂದು ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಏಳುತ್ತಿದ್ದನೋ ಏನೋ. ಆದರೆ ಕಾರಣ ಹೇಳಿ ಒಳಗೆ ಹೋಗಬೇಕಾದ ಗೇಟು ಅದಲ್ಲ ಎಂದು ನನಗೆ ಆ ಕ್ಷಣ ರೇಗಿತು. ಮಾಮ ಕಾಲು ಮಡಿಸಲಿಲ್ಲ. ನಾನು ಸಲ್ವಾರನ್ನು ಎತ್ತಿ ಹಿಡಿದು ಅವನನ್ನು ದಾಟಿದೆ.

ಒಳಗೆ ಸೆಲ್ವಿ ಎಂಬ ಆಯಾ ನನ್ನ ಕೈಹಿಡಿದು ಕೂರಿಸಿದಳು. ಕುಡಿಯಲು ನೀರು ತರುತ್ತೇನೆಂದು ಕಿಟಕಿಯ ಕಡೆ ಹೋದಳು. ಆಗ ಗಾಜು ಒಡೆಯಿತು.

ಇದುವರೆಗೆ ನಾನು ತಮಾಷೆಯಾಗಿ ಹೇಳುತ್ತ ಬಂದೆ. ಇದನ್ನು ಹಾಗೆ ಹೇಳಲಾರೆ. ಮಾಮ ಎಸೆದ ಕಲ್ಲು ಸೆಲ್ವಿಯ ಹುಬ್ಬಿನ ಮೇಲೆ ಬಿತ್ತು. ಡಾಕ್ಟರಮ್ಮ ಮೊದಲು ಅವಳಿಗೆ ಏಳು ಹೊಲಿಗೆ ಹಾಕಿ, ಆಮೇಲೆ ನನ್ನ ಹತ್ತಿರ ಬಂದರು. ಮಧ್ಯಾಹ್ನ ಪೂರ್ತಿ ಸೆಲ್ವಿ ಒಂದೇ ಕಣ್ಣಿನಿಂದ ನನ್ನನ್ನು ನೋಡಿಕೊಂಡಳು. ಕಲ್ಲೆಸೆದವನು ನನ್ನ ಮಾಮ ಎಂದು ನಾನು ಅವಳಿಗೆ ಹೇಳಲಿಲ್ಲ.

ಮರುದಿನ ಹೊರಗೆ ಬಂದಾಗ ಗೇಟು ಖಾಲಿಯಿತ್ತು. ಮಾಮನನ್ನು ಕರೆದುಕೊಂಡು ಹೋಗಿದ್ದರು. ಈ ಸಲ ಅಮ್ಮ ಹೋಗಿ ಬಿಡಿಸುವಂಥದ್ದಾಗಿರಲಿಲ್ಲ. ಚಪ್ಪಲಿ ಅಲ್ಲೇ ಇತ್ತು. ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡೆ. ಗೇಟು ದಾಟುವಾಗ ಕಾಲು ತಾನಾಗಿ ಮೇಲೆದ್ದಿತು, ಕೆಳಗೆ ಯಾರೂ ಇರಲಿಲ್ಲ. ಹೀಗಾಗಿ ವಾಪಸ್ ದಾಟುವುದು ಉಳಿದುಹೋಯಿತು.

ಆರು ತಿಂಗಳಿಗೆ ಮಾಮ ಜೈಲಿನಿಂದ ಬಂದ. ಬೋರ್ಡು ಮತ್ತೆ ಹಿಡಿಯಲಿಲ್ಲ. ನಾನು ಹೋಗಲಿಲ್ಲ, ಅವನೂ ಬರಲಿಲ್ಲ. ಅಮ್ಮ ತೀರಿಹೋದಾಗ ಬಂದು ಜಗಲಿಯಲ್ಲಿ ಕೂತಿದ್ದು ಎದ್ದುಹೋದ, ನಾನು ಒಳಗಿದ್ದೆ. ಮೊದಮೊದಲು ಕೋಪವಿತ್ತು. ಕೋಪ ಯಾವಾಗ ಹೋಯಿತೋ ಗಮನಿಸಲಿಲ್ಲ. ಹೋದ ಜಾಗದಲ್ಲಿ ಪತ್ರಿಕೆಯ ಅಡಿಯಿಂದ ಬರುವ ಒಂದು ಕೂಗು ಮಾತ್ರ ಉಳಿದಿತ್ತು. ಅಮ್ಮ ಹೋದ ಮೇಲೆ ನನ್ನನ್ನು ಪುಟ್ಟಿ ಎನ್ನುವವನು ಈ ಭೂಮಿಯ ಮೇಲೆ ಒಬ್ಬನೇ ಉಳಿದಿದ್ದ, ಅವನಿಗೆ ಎಂಬತ್ತೆರಡು. ವಾಪಸ್ ದಾಟಬೇಕಾದರೆ ಮಲಗುವವನು ಇರಬೇಕಲ್ಲ.

ಪ್ಲಂಬರ್ ಹೇಳಿದ ಒಂದು ಗಂಟೆ ಕಳೆದು ಮುಟ್ಟಿ ನೋಡಿದೆ. ಕಲ್ಲಾಗಿತ್ತು. ಅಟ್ಟದಿಂದ ಚಪ್ಪಲಿ ಇಳಿಸಿ, ಒರೆಸಿ, ನಿನ್ನೆ ರಾಯಪುರಂಗೆ ಹೋದೆ. ಭಾನುವಾರ, ಮಧ್ಯಾಹ್ನ ಎರಡು ಗಂಟೆ. ರಾಹುಕಾಲ ಶುರುವಾಗುವುದು ನಾಲ್ಕೂವರೆಗೆ, ನೋಡಿಕೊಂಡೇ ಹೊರಟಿದ್ದೆ.

ಬಾಗಿಲು ತೆರೆದಿತ್ತು. ಅದೇ ನಡುಮನೆ, ಅದೇ ಮೀನಿನ ವಾಸನೆ. ಅಡ್ಡಡ್ಡ ಚಾಪೆ, ಮುಖದ ಮೇಲೆ ಪತ್ರಿಕೆ. ಕಾಲುಗಳು ಗೋಡೆಯನ್ನು ಮುಟ್ಟುತ್ತಿರಲಿಲ್ಲ. ಮಾಮ ನಿಜವಾಗಿಯೂ ಗಿಡ್ಡವಾಗಿದ್ದ. ಶಾಸ್ತ್ರ ಸುಳ್ಳಲ್ಲ ಎಂದು ಒಂದು ಕ್ಷಣ ಹೆದರಿದೆ.

“ಯಾರದು?”

“ನಾನು ಮಾಮಾ.”

ಪತ್ರಿಕೆ ಕದಲಲಿಲ್ಲ. ಅದರ ಅಡಿಯಿಂದಲೇ ಮಾತು ಬಂತು. “ಆ ಹುಡುಗಿ ಕಣ್ಣು ಹೇಗಿದೆ? ಆಯಾ?”

“ಕಣ್ಣಿಗೇನೂ ಆಗಲಿಲ್ಲ. ಹುಬ್ಬಿನ ಮೇಲೆ ಕಲೆ ಇದೆ.”

“ರಾಹುಕಾಲದಲ್ಲಿ ಎಸೆದೆ ಕಣೇ” ಎಂದ. “ಜನ್ಮದಲ್ಲಿ ಅದೊಂದೇ ನಾನು ರಾಹುಕಾಲದಲ್ಲಿ ಶುರು ಮಾಡಿದ್ದು.” ಮತ್ತೆ, “ಬೇರೆ ವಿಷಯದಲ್ಲಿ ನಾನು ಹೇಳಿದ್ದು ತಪ್ಪೂಂತ ನಾನು ಹೇಳಲ್ಲ. ಕೇಳಬೇಡ.”

“ನಾನು ಮಾಡಿದ್ದು ತಪ್ಪೂಂತ ನಾನೂ ಹೇಳಲ್ಲ ಮಾಮಾ. ಅದು ಬದುಕೋ ಮಗು ಆಗಿರಲಿಲ್ಲ. ಅವತ್ತು ನಿನಗೆ ಹೇಳಲಿಲ್ಲ.”

ಪತ್ರಿಕೆ ಮೆಲ್ಲಗೆ ಕೆಳಗಿಳಿಯಿತು. ಮಾಮ ನನ್ನನ್ನು ನೋಡಿದ, ಕೈಯಲ್ಲಿದ್ದ ಚಪ್ಪಲಿ ನೋಡಿದ. ಆಮೇಲೆ, ಅಣ್ಣಾ ನಗರದಲ್ಲಿ ಯಾವ ಹೆಂಗಸಿಗೂ ಮಾಡದಿದ್ದ ಕೆಲಸವನ್ನು ಮಾಡಿದ. ಮೊಣಕಾಲಿಗೆ ಕೈಕೊಟ್ಟು, ನರಳುತ್ತ, ಒಂದೊಂದಾಗಿ ಎರಡೂ ಕಾಲು ಮಡಿಸಿಕೊಂಡು ನನಗೆ ದಾರಿ ಬಿಟ್ಟ.

“ಒಳಗೆ ಹೋಗು ಪುಟ್ಟಿ. ಕಾಫಿಗೆ ಡಿಕಾಕ್ಷನ್ ಇದೆ.”

ನಾನು ಚಪ್ಪಲಿಯನ್ನು ಬಾಗಿಲ ಬಳಿ ಜೋಡಿಸಿಟ್ಟು ಅಲ್ಲೇ ನಿಂತೆ.

“ಕಾಲು ಮಡಿಸಬೇಡ ಮಾಮಾ. ಚಾಚು.”