ಇಬ್ಬರಿಗಾಗುವಷ್ಟು ಎಲೆ

ನಿಪ್ಪಾಣಿಯಲ್ಲಿ ನಮ್ಮ ಪಕ್ಕದ ಮನೆಯ ಬೀಡಿ ಕಟ್ಟುವ ಅಕ್ಕನಿಗೆ ಓದು ಬರುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ಬರೆದ ನನ್ನ ಮೊದಲ ಕಾದಂಬರಿಯನ್ನು ಅವಳಿಗೇ ಓದಿ ಹೇಳಿದೆ. ಮೊರದ ಮೇಲಿನ ಅವಳ ಕೈ ನಿಲ್ಲುತ್ತಿರಲಿಲ್ಲ. ನಾನು ತಡವರಿಸಿದರೆ, “ಮುಂದ ಓದಪಾ” ಎನ್ನುತ್ತಿದ್ದಳು.

ಒಂದು ದಿನ ಆ ಕೈ ನಿಂತಿತು. ನನ್ನ ನಾಯಕಿ ಯಾರಿಗೂ ಹೇಳದೆ ಗಂಡನನ್ನು ಬಿಟ್ಟು, ಬೆಳಿಗ್ಗೆ ತವರಿಗೆ ಬಂದವಳೇ ತಾಯಿಯ ಜೊತೆ ಬೀಡಿ ಕಟ್ಟಲು ಕೂತಿದ್ದಳು.

“ಎಲಿ ಹಿಂದಿನ ದಿನಾನ ನೆನಸಬೇಕೋ ತಮ್ಮಾ, ಇಲ್ಲಂದ್ರ ಸೀಳತೈತಿ. ಈಕಿ ಪಾಲಿಂದು ಯಾರು ನೆನಸಿದ್ರು?”

“ತಪ್ಪಾತು ಅಕ್ಕಾ, ಆ ಸಾಲಿಗೆ ಕಾಟ ಹೊಡೀತೀನಿ.”

“ಯಾಕ ಹೊಡೀತಿ? ಅವ್ವ ನೆನಸಿರ್ತಾಳ. ಮಗಳು ಬರ್ತಾಳಂತ ಆಕಿಗೆ ಗೊತ್ತಿತ್ತು. ಮುಂದ ಓದಪಾ.”

ಅಲ್ಲಿಯವರೆಗೆ ಕಥೆಯ ಮೂಲೆಯಲ್ಲಿ ಬೀಡಿ ಕಟ್ಟುತ್ತ ಕೂತಿದ್ದ ಆ ತಾಯಿಯೇ ಅಂದಿನಿಂದ ನನ್ನ ಕಾದಂಬರಿಯ ನಾಯಕಿ.