ಬಾಕ್ಸಿನ ಮೇಲಿಟ್ಟ ಕೈ

ನಮ್ಮ ಯಜಮಾನರು ಈಶ್ವರಪ್ಪನವರು ಹಾಡನ್ನು ಕೈಯಿಂದ ಕೇಳುತ್ತಾರೆ ಎಂದರೆ ನೀವು ನಗಬಹುದು. ನಗಿ, ಮೊದಮೊದಲು ನಾನೂ ನಕ್ಕವಳೇ. ಗದಗಿನಿಂದ ಬಂದು ನೇವಿ ಸೇರಿ, ಇಪ್ಪತ್ತೆರಡು ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದ ಮನುಷ್ಯ. ಆ ಗದ್ದಲ ಎರಡೂ ಕಿವಿಗಳನ್ನು ತಿಂದುಹಾಕಿತು. ಇಂಜಿನ್ನಿನ ಮೈಮೇಲೆ ಅಂಗೈ ಇಟ್ಟೇ ಯಾವ ಬೇರಿಂಗ್ ಕೆಡುತ್ತಿದೆ ಎಂದು ಹೇಳುತ್ತಿದ್ದರಂತೆ. ರಿಟೈರಾಗಿ ವಿಶಾಖಪಟ್ಟಣದಲ್ಲೇ ಮನೆ ಮಾಡಿದ ಮೇಲೆ ಅದೇ ಅಂಗೈ ರೆಕಾರ್ಡ್ ಪ್ಲೇಯರಿನ ಸ್ಪೀಕರ್ ಬಾಕ್ಸಿನ ಮೇಲೆ ಬಂತು. ದಿನಾ ಮಧ್ಯಾಹ್ನ ನಾಲ್ಕಕ್ಕೆ ಮೃದಂಗದ ರೆಕಾರ್ಡು, ಬಾಕ್ಸಿನ ಮೇಲೆ ಎರಡೂ ಕೈ, ಮುಚ್ಚಿದ ಕಣ್ಣು. ಆಗ ಚಹಾ ಕೊಟ್ಟರೂ ಬೇಡ.

ಕಳೆದ ತಿಂಗಳು ಒಂದು ದಿನ ಹಾಗೆ ಕೂತವರು ಥಟ್ಟನೆ ಕೈ ತೆಗೆದರು. ಮತ್ತೆ ಇಟ್ಟರು. ಹಾಡು ಬರುತ್ತಿದೆಯೇ ಎಂದು ನನ್ನನ್ನು ಕೇಳಿದರು. ಅಡುಗೆಮನೆಗೂ ಕೇಳಿಸುತ್ತಿತ್ತು. ಚೆನ್ನಾಗಿಯೇ ಬರುತ್ತಿದೆ ಎಂದು, ಅವರು ತುಟಿ ಓದುವಂತೆ, ಮುಖದೆದುರು ನಿಧಾನವಾಗಿ ಬಿಡಿಸಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಆಗ ನನಗೂ ಹೊಳೆಯಿತು. ಇವರ ಸಕ್ಕರೆ ಕಾಯಿಲೆಯನ್ನು ಹೀಗೇ ಬಿಟ್ಟರೆ ಕೈಕಾಲು ಸ್ಪರ್ಶ ಕಳೆದುಕೊಳ್ಳುತ್ತವೆ ಎಂದು ಡಾಕ್ಟರು ಹೇಳಿದ್ದರು. ಈ ಮಹಾರಾಯರು ಆಮೇಲೆ ಆ ಕಡೆ ತಲೆ ಹಾಕಿರಲಿಲ್ಲ. ‘ಮಾಡಿದ್ದುಣ್ಣೋ ಮಹಾರಾಯ’ ಎನ್ನಲು ನಾಲಿಗೆಯ ತುದಿಗೆ ಬಂದಿತ್ತು, ಆ ಮುಖ ನೋಡಿ ನುಂಗಿಕೊಂಡೆ. ಕಿವಿ ಹೋದರೂ ಕೈ ಉಳಿದಿತ್ತು. ಅದೂ ಹೋದರೆ ಇವರಿಗೆ ಇನ್ನೇನಿದೆ?

ಮರುದಿನದಿಂದ ರಿಪೇರಿ ಶುರು. ಸೂಜಿ ಬದಲಿಸಿದರು. ಬೆಲ್ಟ್ ಬದಲಿಸಿದರು. ಸ್ಪೀಕರಿನ ವೈರು ಬಿಚ್ಚಿ ಕಟ್ಟಿದರು, ಬಾಕ್ಸನ್ನು ಗೋಡೆಯ ಮೂಲೆಗೆ ತಳ್ಳಿದರು. ಎಲ್ಲವನ್ನೂ ಪರೀಕ್ಷಿಸಿದರು, ತಮ್ಮ ಕೈಯೊಂದನ್ನು ಬಿಟ್ಟು. ತಿರುಗುವ ಮಿಕ್ಸಿಯ ಮೇಲೆ ಅಂಗೈ ಇಟ್ಟಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಇಡಲಿಲ್ಲ. ನಾನು ಚಟ್ನಿಗೆಂದು ಮಿಕ್ಸಿ ತೆಗೆದರೆ ಸಾಕು, ಎದ್ದು ವರಾಂಡಕ್ಕೆ ಹೋಗಿಬಿಡುತ್ತಿದ್ದರು. ನಾನೂ ಒತ್ತಾಯಿಸಲಿಲ್ಲ. ಸುಳ್ಳೇಕೆ ಹೇಳಲಿ, ನನಗೂ ಹೆದರಿಕೆ. ಊಟಕ್ಕೆ ಕೂತಾಗ ಬಿಸಿ ಅನ್ನ ಸುಡುತ್ತದೋ ಇಲ್ಲವೋ ಎಂದು ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ಹತ್ತು ದಿನ ಹೀಗೆ ಕಳೆದ ಮೇಲೆ ಇವರನ್ನು ಕೇಳದೆ, ನಮ್ಮ ಬೀದಿಯ ರಿಪೇರಿ ಅಂಗಡಿಯ ಬಾಬ್ಜಿಯನ್ನು ಕರೆತಂದೆ. ಆತ ಪ್ಲೇಯರಿಗೂ ಸ್ಪೀಕರಿಗೂ ನಡುವೆ ಇರುವ ಆಂಪ್ಲಿಫೈಯರಿನ ಹಿಂದೆ ಬಗ್ಗಿ ನೋಡಿ, ಪ್ಲೇಯರಿನ ವೈರಿನ ಈ ಪಿನ್ನುಗಳನ್ನು ಚುಚ್ಚಿದವರು ಯಾರಮ್ಮಾ ಎಂದು ತೆಲುಗಿನಲ್ಲಿ ಕೇಳಿದ. ರೆಕಾರ್ಡ್ ಪ್ಲೇಯರಿಗೆಂದೇ ಬೇರೆ ಜೋಡಿ ತೂತು ಇರುತ್ತದಂತೆ. ಬಾಕ್ಸನ್ನು ಅದುರಿಸುವ ದಪ್ಪ ಸದ್ದನ್ನು ಎತ್ತಿಕೊಡುವುದು ಅದೇ. ಯಾರೋ ರೇಡಿಯೊದ ತೂತಿಗೆ ಚುಚ್ಚಿದ್ದರಿಂದ ಬರೀ ತೆಳು ಸದ್ದು ಬರುತ್ತಿದೆ ಎಂದ. ಯಾರೋ ಏನು, ನಾನೇ. ಈ ಊರಿನ ಸಮುದ್ರದ ಗಾಳಿಗೆ ಪಿನ್ನುಗಳು ಹಸಿರುಗಟ್ಟುತ್ತವೆಂದು ಇವರ ಕೈಗೆ ಹಾಡು ಸಿಗದೇ ಹೋದ ದಿನ ಬೆಳಿಗ್ಗೆ ಕಿತ್ತು, ಒರೆಸಿ, ಮತ್ತೆ ಚುಚ್ಚಿದ್ದೆ. ಸದ್ದು ಸಣ್ಣದಾಯಿತೆಂದು ವಾಲ್ಯೂಮ್ ಏರಿಸಿದ ಪುಣ್ಯಾತ್ಗಿತ್ತಿಯೂ ನಾನೇ.

ಬಾಬ್ಜಿ ವಾಲ್ಯೂಮ್ ಇಳಿಸಿ, ಪಿನ್ನು ಬದಲಿಸಿ, ರೆಕಾರ್ಡು ಹಾಕಿದ. ಮೃದಂಗ ಗುಮ್ಮೆಂದಿತು. ಇವರು ಕೈ ಮುಂದೆ ತಂದರು, ಹಿಂದೆಗೆದರು. ನಾನೇ ಎರಡೂ ಕೈ ಹಿಡಿದು ಬಾಕ್ಸಿನ ಮೇಲೆ ಇಟ್ಟೆ.

“ಬಂತು ವೇದಾ,” ಎಂದರು. ಕಣ್ಣಲ್ಲಿ ನೀರು. ನಾನೂ ಅತ್ತುಬಿಟ್ಟೆ, ಅಳುತ್ತಲೇ ಅವರನ್ನೂ ನನ್ನನ್ನೂ ಬೈದುಕೊಂಡೆ. ಬಾಬ್ಜಿ ಚಹಾ ಕುಡಿದು ಹೋದ.

ಅವನು ಹೋದ ಮೇಲೆ ಇವರು ಕುರ್ಚಿಯಲ್ಲಿ ಕೂತು, ಚಪ್ಪಲಿ ಕಳಚಿ, ಎಡಗಾಲಿನ ಅಂಗಾಲನ್ನು ಬಾಕ್ಸಿಗೆ ಒತ್ತಿದರು. ಸಂಗೀತಕ್ಕೆ ಕಾಲು ತಾಗಿಸುವುದುಂಟೇ, ಸರಸ್ವತಿ ಅಲ್ಲವೇ ಎಂದು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಾಲು ತೆಗೆದು ಬಲಗಾಲು ಇಟ್ಟರು. ಅಂಗಾಲನ್ನು ಇನ್ನಷ್ಟು ಒತ್ತಿ ಹಿಡಿದರು.

“ಕಾಲಿಗೆ ಏನೂ ತಿಳೀವಲ್ದು. ಹಾಡು ನಿಂತೈತೇನು ವೇದಾ?”

ಅವರ ಪಾದದ ಪಕ್ಕದಲ್ಲೇ ಕೈ ಇಟ್ಟು ನೋಡಿದೆ. ಬಾಕ್ಸು ನನ್ನ ಮೊಣಕೈವರೆಗೂ ಅದುರುತ್ತಿತ್ತು. ಅವರು ನನ್ನ ತುಟಿಗಳನ್ನೇ ನೋಡುತ್ತಿದ್ದರು. ಹೌದು, ನಿಂತಿದೆ ಎಂದುಬಿಡೋಣವೆನಿಸಿತು.

“ನಿಂತಿಲ್ರೀ,” ಎಂದೆ.